ಪಾಪ ಪಾಂಡುವಾ, ಸಿಲ್ಲಿ ಲಲ್ಲಿಯಾ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲಾ ಕಡೆ ಕೇಳುಗರು ಜಗಳ ಆಡೋ ಪ್ರಶ್ನೆ ಇದು. ನನ್ನ ಓಟು ಲಲ್ಲಿಗೆ.

ಎರಡೂ ಈಟಿವಿ ಕನ್ನಡದವು. ‘ಪಾಪ ಪಾಂಡು’ವಿನಲ್ಲಿ ಚಿದಾನಂದ್ ಮುಖ ನೋಡಿದ್ರೇನೇ ನಗು, ಶಾಲಿನಿ ಟೈಮಿಂಗ್ ಅಂತೂ ಸೂಪರ್. ಆದ್ರೆ ನಗು ಹೆಚ್ಚಾಗಿ ನಿಂತಿರೋದು ಹೆಂಡ್ತಿ ಕೈಲಿ ಗಂಡ ಒದೆ ತಿನ್ನೋದ್ರ ಮೇಲೆ. ಅದನ್ನೇ ತಿರುಗಿಸಿ, ಗಂಡ ಹೊಡೆದಿದ್ರೆ ನಗ್ತಿದ್ವಾ? ಈಗ ಮೊಬೈಲಲ್ಲಿ ನೋಡುವಾಗ ನನಗೆ ಅಲ್ಲೇ ನಗು ನಿಂತುಹೋಗುತ್ತೆ.

ವಿಜಯಪ್ರಸಾದ್ ನಿರ್ದೇಶನದ ‘ಸಿಲ್ಲಿ ಲಲ್ಲಿ’ಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಮಂಜುಭಾಷಿಣಿಯವರ ಲಲಿತಾಂಬಗೆ ಸಮಾಜಸೇವೆಯದು, ರವಿಶಂಕರ್ ಗೌಡರ ಡಾಕ್ಟರ್ ವಿಠ್ಠಲ್ ರಾವ್‌ಗೆ ತಾನೇ ದೊಡ್ಡ ಡಾಕ್ಟ್ರು ಅನ್ನೋದು. ಯಾರೂ ಯಾರಿಗೂ ಹೊಡೀಬೇಕಿಲ್ಲ, ಹುಚ್ಚುಗಳು ಡಿಕ್ಕಿಯಾದ್ರೆ ಸಾಕು. 1995ರಿಂದ 98ರವರೆಗೆ ಬಂದ ಐರ್ಲೆಂಡ್ ಕಥೆಯ ‘ಫಾದರ್ ಟೆಡ್’ ಕೂಡ ಇದೇ ತರ: ದ್ವೀಪದಲ್ಲೊಂದು ಮನೆ, ಮೂವರು ಪಾದ್ರಿಗಳು, ಬೇಡ ಅಂದ್ರೂ ಬಿಡದೆ ಟೀ ಕುಡಿಸೋ ಮನೆಕೆಲಸದಾಕೆ. ಅದು 25 ಕಂತಿಗೇ ಮುಗೀತು. ನಮ್ಮವು ವರ್ಷಗಟ್ಟಲೆ ಓಡಿದ್ವು, ಸಪ್ಪೆ ಎಪಿಸೋಡುಗಳೂ ಇವೆ, ಲಲ್ಲಿಯಲ್ಲೂ.

ಪಾಂಡು ಪಾರ್ಟಿಯವ್ರು ಒಂದೇ ಒಂದು ಎಪಿಸೋಡ್ ಹೇಳಿ, ಒದೆ ಇಲ್ಲದ್ದು. ನೋಡ್ಕೊಂಡು ಬರ್ತೀನಿ.