ವಾಕಿ-ಟಾಕಿ ಬ್ಯಾಟರಿ: ಸುರಕ್ಷಿತವಾಗಿ ಚಾರ್ಜ್ ಮಾಡುವ ಕ್ರಮ

(ಕಬ್ಬು ಅಭಿವೃದ್ಧಿ ಅಧಿಕಾರಿ)



ಕಡಿದ ಕಬ್ಬು ಹೊಲದಲ್ಲಿ ಒಣಗಿದಷ್ಟೂ ತೂಕ ಮತ್ತು ಸಕ್ಕರೆ ಅಂಶ ಎರಡೂ ಇಳಿಯುತ್ತವೆ. ಆದಷ್ಟು ಮಟ್ಟಿಗೆ 24 ಗಂಟೆಯೊಳಗೆ ಅದನ್ನು ಅರೆಯಬೇಕೆಂಬುದು ತಮಗೆಲ್ಲ ತಿಳಿದ ವಿಷಯ. ಇದು ಸಾಧ್ಯವಾಗಬೇಕಾದರೆ ಕಟಾವು ಮೇಸ್ತ್ರಿ, ಲಾರಿ ಚಾಲಕ, ಕ್ಷೇತ್ರ ಸಿಬ್ಬಂದಿ ಇವರ ನಡುವೆ ಮಾತು ಕೂಡಲೇ ಮುಟ್ಟಬೇಕು. ಉಡುಮಲಪೇಟೆ, ಮಡತ್ತುಕುಳಂ ಕಡೆಯ ಮಲೆಯಂಚಿನ ಹೊಲಗಳಲ್ಲಿ ಮೊಬೈಲ್ ಫೋನು ಎಲ್ಲೆಡೆಯೂ ಕೈಗೆ ಹತ್ತುವುದಿಲ್ಲ. ಆನೆ, ಕಾಡುಹಂದಿಗಳ ಕಾವಲಿಗೆ ರಾತ್ರಿ ಕೂರುವವರಿಗಂತೂ ವಾಕಿ-ಟಾಕಿ ಬಹಳ ಉಪಯುಕ್ತ. ಆದರೆ ಬ್ಯಾಟರಿ ಸತ್ತ ವಾಕಿ-ಟಾಕಿಗೂ ಕೈಯಲ್ಲಿನ ಇಟ್ಟಿಗೆಗೂ ವ್ಯತ್ಯಾಸವಿಲ್ಲ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಕಟಾವು ತಂಡದವರ ಗುಡಿಸಲುಗಳಿಗೆ ಸಾಮಾನ್ಯವಾಗಿ ತೆಂಗಿನ ಗರಿ ಇಲ್ಲವೆ ಕಬ್ಬಿನ ಸೋಗೆಯ ಹೊದಿಕೆ. ಸುತ್ತಲೂ ಒಣ ತರಗು. ಅಂಥ ಕಡೆ ತಪ್ಪು ಚಾರ್ಜರಿಗೆ ಸಿಕ್ಕಿಸಿದ ಒಂದು ಬ್ಯಾಟರಿ ರಾತ್ರಿ ಹೊತ್ತಿಕೊಂಡರೆ, ಮಲಗಿದವರಿಗೆ ಎದ್ದು ಹೊರಬರಲೂ ಸಮಯ ಸಿಗದು. ಆದ್ದರಿಂದ ಈ ಕೆಳಗಿನ ವಿಷಯಗಳನ್ನು ತಾವೂ ತಿಳಿದು, ತಮ್ಮ ಹೊಲಕ್ಕೆ ಬರುವ ತಂಡದವರಿಗೂ ತಿಳಿಸಬೇಕೆಂದು ಕೋರುತ್ತೇನೆ.

ಬ್ಯಾಟರಿಯ ಜಾತಿ ಯಾವುದು?

ಹಳೆಯ ಸೆಟ್ಟುಗಳಲ್ಲಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಇದರ ಒಂದೊಂದು ಕೋಶ 1.2 ವೋಲ್ಟ್. ಆರು ಕೋಶ ಸೇರಿದರೆ 7.2 ವೋಲ್ಟ್. ಇದು ಒರಟು ಬಳಕೆಯನ್ನು ಸಾಕಷ್ಟು ತಾಳಿಕೊಳ್ಳುತ್ತದೆ.

ಈಗಿನ ಸೆಟ್ಟುಗಳಲ್ಲಿ ಹೆಚ್ಚಾಗಿ ಲಿಥಿಯಂ-ಅಯಾನ್ ಬ್ಯಾಟರಿ ಬರುತ್ತದೆ. 1991ರಲ್ಲಿ ಜಪಾನಿನ ಸೋನಿ ಕಂಪನಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದರ ಸಂಶೋಧನೆಗೆ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕವೂ ದೊರೆಯಿತು. ಹಗುರವಾದರೂ ಹೆಚ್ಚು ಶಕ್ತಿ ಹಿಡಿಯುವುದು ಇದರ ಗುಣ. ಒಳಗಿನ ದ್ರವ ಬೆಂಕಿ ಹಿಡಿಯುವಂಥದ್ದಾಗಿರುವುದು ಇದರ ದೋಷ. ಸಾಮಾನ್ಯವಾಗಿ ಎರಡು ಕೋಶಗಳ ಬ್ಯಾಟರಿ 7.4 ವೋಲ್ಟ್ ಎಂದು ಬರೆದಿರುತ್ತದೆ. ಪೂರ್ತಿ ತುಂಬಿದಾಗ ಕೋಶವೊಂದಕ್ಕೆ 4.2ರಂತೆ 8.4 ವೋಲ್ಟ್ ಆಗುತ್ತದೆ. ಇದನ್ನು ಮೀರಿ ತುಂಬಿದರೆ ಒಳಗೆ ಬಿಸಿ ಹುಟ್ಟಿ, ಆ ಬಿಸಿಯೇ ಮತ್ತಷ್ಟು ಬಿಸಿಯನ್ನು ಹುಟ್ಟಿಸಿ, ಬ್ಯಾಟರಿ ಊದಿಕೊಂಡು ಹೊತ್ತಿಕೊಳ್ಳಬಹುದು.

ಚಾರ್ಜರಿನ ಕೆಲಸ

ಲಿಥಿಯಂ ಬ್ಯಾಟರಿಯ ಚಾರ್ಜರು ಮೊದಲು ಒಂದೇ ಪ್ರಮಾಣದ ವಿದ್ಯುತ್ತನ್ನು ಹರಿಸುತ್ತದೆ. 8.4 ವೋಲ್ಟ್ ಮುಟ್ಟಿದೊಡನೆ ಅಷ್ಟಕ್ಕೇ ನಿಲ್ಲಿಸಿಕೊಂಡು, ಹರಿವನ್ನು ಕ್ರಮೇಣ ತಗ್ಗಿಸಿ ಕೊನೆಗೆ ಕಡಿದುಬಿಡುತ್ತದೆ. ನಾಲೆಯ ನೀರನ್ನು ಮಡಿ ತುಂಬುವ ಹೊತ್ತಿಗೆ ಸ್ವಲ್ಪ ಸ್ವಲ್ಪವಾಗಿ ಕಟ್ಟುವ ನೀರುಗಂಟಿಯ ಕೆಲಸದಂತೆಯೇ ಇದು. ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಚಾರ್ಜರಿಗೆ ಈ ಕ್ರಮ ತಿಳಿಯದು. ಅದರಲ್ಲಿ ಲಿಥಿಯಂ ಬ್ಯಾಟರಿ ಇಟ್ಟರೆ ಮಡಿ ಒಡೆದ ಹಾಗೆಯೇ ಸರಿ. ಗುಂಡಿಯಲ್ಲಿ ಸರಿಯಾಗಿ ಕೂತಿತೆಂಬ ಮಾತ್ರಕ್ಕೆ ಚಾರ್ಜರು ಹೊಂದುತ್ತದೆಂದು ತಿಳಿಯಕೂಡದು.

ಎಷ್ಟು ಹೊತ್ತು ಬೇಕೆಂಬುದನ್ನು ತಾವೇ ಲೆಕ್ಕ ಹಾಕಬಹುದು. ಬ್ಯಾಟರಿಯ ಮೇಲೆ 1500 ಮಿಲಿಆಂಪಿಯರ್-ಗಂಟೆ, ಚಾರ್ಜರಿನ ಮೇಲೆ 500 ಮಿಲಿಆಂಪಿಯರ್ ಎಂದಿದ್ದರೆ ಭಾಗಿಸಿದಾಗ ಮೂರು ಗಂಟೆ. ಕೊನೆಯ ನಿಧಾನದ ಹರಿವಿಗೆ ಒಂದು ಗಂಟೆ ಸೇರಿಸಿ, ಒಟ್ಟು ಸುಮಾರು ನಾಲ್ಕು ಗಂಟೆ. ಇದಕ್ಕಿಂತ ಬಹಳ ಹೆಚ್ಚು ಹೊತ್ತಾದರೂ ಹಸಿರು ದೀಪ ಬಾರದಿದ್ದರೆ ಬ್ಯಾಟರಿಯೋ ಚಾರ್ಜರೋ ಕೆಟ್ಟಿದೆಯೆಂದು ತಿಳಿದು ತೆಗೆದುಬಿಡಬೇಕು.

ಪಾಲಿಸಬೇಕಾದ ಕ್ರಮಗಳು

1. ಸೆಟ್ಟಿನೊಡನೆ ಬಂದ ಅಥವಾ ಅದೇ ಮಾದರಿಗೆಂದು ತಯಾರಕರು ಹೇಳಿದ ಚಾರ್ಜರನ್ನೇ ಬಳಸಿ. ಎರಡು ಬಗೆಯ ಸೆಟ್ಟುಗಳಿದ್ದರೆ ಚಾರ್ಜರಿಗೂ ಬ್ಯಾಟರಿಗೂ ಒಂದೇ ಬಣ್ಣದ ಗುರುತು ಹಾಕಿ.

2. ಸೆಟ್ಟನ್ನು ಆಫ್ ಮಾಡಿ ಚಾರ್ಜಿಗಿಡಿ. ಬಳಕೆ ನಡೆಯುತ್ತಿದ್ದರೆ ಬ್ಯಾಟರಿ ತುಂಬಿದ್ದು ಚಾರ್ಜರಿಗೆ ಸರಿಯಾಗಿ ತಿಳಿಯದೆ ಹೋಗಬಹುದು.

3. ಬಿಸಿಲಲ್ಲಿದ್ದ ಬ್ಯಾಟರಿಯನ್ನು ಕೂಡಲೇ ಚಾರ್ಜಿಗಿಡಬೇಡಿ, ನೆರಳಲ್ಲಿ ಆರಲಿ. ಹೆಚ್ಚಿನ ಸೆಟ್ಟುಗಳಿಗೆ 5ರಿಂದ 40 ಡಿಗ್ರಿ ಸೆಲ್ಸಿಯಸ್ ಒಳಗೆ ಚಾರ್ಜ್ ಮಾಡಬೇಕೆಂದು ಹೇಳಿರುತ್ತದೆ. ಬೇಸಿಗೆಯಲ್ಲಿ ಮುಚ್ಚಿ ನಿಲ್ಲಿಸಿದ ಜೀಪಿನ ಒಳಗಿನ ಕಾವು ಇದನ್ನು ಸುಲಭವಾಗಿ ಮೀರುತ್ತದೆ.

4. ಗುಡಿಸಲಿನಲ್ಲಿ, ಹಾಸಿಗೆಯ ಮೇಲೆ, ತರಗಿನ ಬಳಿ ಚಾರ್ಜ್ ಮಾಡಲೇಕೂಡದು. ಸಿಮೆಂಟು ನೆಲ ಅಥವಾ ಕಲ್ಲಿನ ಮೇಲೆ, ಗಾಳಿಯಾಡುವ ಕಡೆ, ಜನ ಎಚ್ಚರವಿರುವ ಹೊತ್ತಿನಲ್ಲಿ ಮಾಡಿ. ತಂಡದವರಿಗೆ ಅಂಥ ಜಾಗವಿಲ್ಲದಿದ್ದರೆ ತಮ್ಮ ಮನೆಯ ಜಗಲಿಯಲ್ಲಿ ಅವಕಾಶ ಕೊಡಿ.

5. ಪಂಪ್‌ಸೆಟ್ ಮನೆಯಲ್ಲಿ ಬೇಡ. ಅಲ್ಲಿ ತೇವವಿರುತ್ತದೆ, ಮೋಟಾರು ಓಡುವಾಗ, ನಿಲ್ಲುವಾಗ ವೋಲ್ಟೇಜು ಏರಿಳಿಯುತ್ತದೆ.

6. ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯಿಂದ ನೇರವಾಗಿ ತಂತಿ ಎಳೆದು ತುಂಬುವುದು ಅತ್ಯಂತ ಅಪಾಯಕರ. ಅದೇ ಸೆಟ್ಟಿಗೆ ಒಪ್ಪಿದ ವಾಹನದ ಚಾರ್ಜರು ಇದ್ದರೆ ಮಾತ್ರ ಬಳಸಿ.

7. ಬಿಡಿ ಬ್ಯಾಟರಿಯನ್ನು ಬೀಗದ ಕೈ, ಚಿಲ್ಲರೆ ಕಾಸು, ಕುಡುಗೋಲಿನೊಡನೆ ಚೀಲಕ್ಕೆ ಹಾಕಬೇಡಿ. ಲೋಹ ತಾಗಿ ಎರಡು ತುದಿಗಳು ಕೂಡಿದರೆ ಕ್ಷಣದಲ್ಲಿ ಕಾದುಹೋಗುತ್ತದೆ. ತುದಿಗಳನ್ನು ಒಣ ಬಟ್ಟೆಯಿಂದ ಒರೆಸಿಡಿ.

8. ಊದಿದ, ಸೀಳಿದ, ನೀರು ಹೊಕ್ಕ ಬ್ಯಾಟರಿಗೆ ಮತ್ತೆ ಚಾರ್ಜ್ ಮಾಡಬೇಡಿ. ಚುಚ್ಚುವುದು, ಬಿಚ್ಚುವುದು, ಕಸದೊಡನೆ ಸುಡುವುದು ಸಲ್ಲದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಸಂಗ್ರಹಿಸುವ ಹೊಣೆ ತಯಾರಕರದು. ಮಾರಿದ ಅಂಗಡಿಯಲ್ಲಿ ವಿಚಾರಿಸಿ.

9. ಕಟಾವು ಮುಗಿದು ಸೆಟ್ಟನ್ನು ಎತ್ತಿಡುವಾಗ ಲಿಥಿಯಂ ಬ್ಯಾಟರಿಯನ್ನು ಅರ್ಧದಷ್ಟು ತುಂಬಿಸಿ, ಬೇರ್ಪಡಿಸಿ, ತಂಪಾದ ಕಡೆ ಇಡಿ. ಪೂರಾ ಬರಿದಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಅದು ಒಳಗೇ ಕೆಡುತ್ತದೆ.

ಬೆಂಕಿ ಕಂಡರೆ

ಬ್ಯಾಟರಿ ಅತಿಯಾಗಿ ಕಾದರೆ ಮೊದಲು ಮೈನ್ ಸ್ವಿಚ್ಚು ಆರಿಸಿ. ಹೊಗೆ ಬಂದರೆ ಎಲ್ಲರನ್ನೂ ಹೊರಗೆ ಕಳುಹಿಸಿ; ಆ ಹೊಗೆ ವಿಷಕರ. ವಿದ್ಯುತ್ ಕಡಿದ ಮೇಲೆ ದೂರದಿಂದ ಧಾರಾಳವಾಗಿ ನೀರು ಹೊಯ್ಯಬಹುದು. ಆರಿದಂತೆ ಕಂಡರೂ ಅದು ಮತ್ತೆ ಹೊತ್ತಿಕೊಳ್ಳಬಹುದು, ಆದ್ದರಿಂದ ಕೈಯಲ್ಲಿ ಎತ್ತಬೇಡಿ, ಕಾವಲಿರಿ. ಗುಡಿಸಲಿಗೋ ಕಬ್ಬಿಗೋ ತಗುಲಿದರೆ ತಡಮಾಡದೆ 101 ಅಥವಾ 112ಕ್ಕೆ ಫೋನು ಮಾಡಿ.

ಬ್ಯಾಟರಿಯ ಬೆಲೆ ಸಣ್ಣದು. ಬೆಳೆದು ನಿಂತ ಒಂದು ಎಕರೆ ಕಬ್ಬಿನ ಬೆಲೆ ದೊಡ್ಡದು. ದೂರದೂರಿನಿಂದ ನಮ್ಮ ಹೊಲಕ್ಕೆ ದುಡಿಯಲು ಬಂದ ಸಂಸಾರಗಳ ಜೀವಕ್ಕೆ ಬೆಲೆ ಕಟ್ಟಲಾಗದು. ಕಟಾವಿಗೆ ಮುಂಚೆ ತಂಡದ ಮೇಸ್ತ್ರಿಯೊಡನೆ ಕೂತು, ಚಾರ್ಜ್ ಮಾಡುವ ಜಾಗ ಯಾವುದು, ನೋಡಿಕೊಳ್ಳುವವರು ಯಾರು ಎಂಬೆರಡನ್ನು ಗೊತ್ತುಮಾಡಿಕೊಳ್ಳಿ. ಯಾವ ಚಾರ್ಜರು ಯಾವ ಸೆಟ್ಟಿಗೆ ಎಂಬ ಸಂಶಯವಿದ್ದರೆ, ಎರಡನ್ನೂ ತಮ್ಮ ವಿಭಾಗದ ಕಬ್ಬು ಕಚೇರಿಗೆ ತಂದು ತೋರಿಸಬೇಕೆಂದು ವಿನಂತಿ.