ದೊಡ್ಡಿ ಕಾಲೇಜಿನ ಬಿ.ಕಾಂ. ದಿನಗಳು

ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವ ಬಸ್ಸಿನಲ್ಲಿ ‘ಭಾರತೀನಗರ’ ಎಂದು ಟಿಕೆಟ್ ಕೇಳಿದರೆ ಹಳೆಯ ಕಂಡಕ್ಟರುಗಳು ‘ದೊಡ್ಡಿ ತಾನೆ?’ ಎಂದು ಖಚಿತಪಡಿಸಿಕೊಳ್ಳುತ್ತಿದ್ದರು. ಕಾಳಮುದ್ದನದೊಡ್ಡಿ ಎಂಬುದು ಊರಿನ ಹೆಸರು. ಉದ್ದವಾಯಿತೆಂದು ಕೆ.ಎಂ.ದೊಡ್ಡಿ ಆಯಿತು, ಅದೂ ಉದ್ದವೆನಿಸಿ ಬರೀ ದೊಡ್ಡಿ ಆಯಿತು. ಕಾಗದದ ಮೇಲೆ ಮಾತ್ರ ಭಾರತೀನಗರ. ನಾನು ಓದಿದ್ದು ಭಾರತೀ ಕಾಲೇಜಿನಲ್ಲಿ. ಆದರೆ ಮನೆಯಲ್ಲಿ ಯಾರು ಕೇಳಿದರೂ ‘ದೊಡ್ಡಿ ಕಾಲೇಜು’ ಎಂದೇ ಹೇಳುತ್ತಿದ್ದೆ.

ಕಿರುಗಾವಲು ಕ್ಷೇತ್ರದ ಶಾಸಕರಾಗಿದ್ದು, ಮುಂದೆ ಸಂಸದರೂ ಕಾವೇರಿ ಹೋರಾಟದ ಮುಂದಾಳೂ ಆದ ಜಿ. ಮಾದೇಗೌಡರು ಕಟ್ಟಿದ ಸಂಸ್ಥೆ ಅದು. ಅದು ಬರುವ ಮುಂಚೆ ನಮ್ಮ ಕಡೆಯ ಹುಡುಗರು ಕಾಲೇಜು ಓದಬೇಕಾದರೆ ಮಂಡ್ಯಕ್ಕೋ ಮೈಸೂರಿಗೋ ಹೋಗಬೇಕಿತ್ತು. ಹೋದರೆ ಹಾಸ್ಟೆಲು, ಹಾಸ್ಟೆಲಿಗೆ ದುಡ್ಡು. ದುಡ್ಡಿದ್ದವರ ಮನೆಯ ಗಂಡು ಮಕ್ಕಳು ಹೋದರು, ಉಳಿದವರು ನೇಗಿಲು ಹಿಡಿದರು. ಹೆಣ್ಣು ಮಕ್ಕಳ ಮಾತೇ ಇರಲಿಲ್ಲ. ಕಾಲೇಜು ಮೂರು ಮೈಲಿ ಹತ್ತಿರಕ್ಕೆ ಬಂದದ್ದರಿಂದ ನನ್ನಂಥವನು ಪದವೀಧರನಾದ.

ನಾನು ಬಿ.ಕಾಂ. ಸೇರಿದ್ದು 1973ರಲ್ಲಿ. ಸೇರುವಾಗ ನಮ್ಮದು ಮೈಸೂರು ರಾಜ್ಯ. ಅದೇ ನವೆಂಬರ್ 1ರಂದು ಅದು ಕರ್ನಾಟಕವಾಯಿತು. ಬಿ.ಕಾಂ. ಏಕೆಂದರೆ, 1969ರ ಜುಲೈಯಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ಸಣ್ಣಪುಟ್ಟ ಊರುಗಳಲ್ಲೂ ಶಾಖೆಗಳು ತೆರೆಯುತ್ತಿದ್ದವು, ‘ಕಾಮರ್ಸ್ ಓದಿದರೆ ಬ್ಯಾಂಕು ಗ್ಯಾರಂಟಿ’ ಎಂಬ ಮಾತು ಹಳ್ಳಿಯ ಜಗುಲಿಯ ತನಕ ಬಂದಿತ್ತು. ಅಪ್ಪನಿಗೆ ಮಾತ್ರ ನಂಬಿಕೆ ಬಂದಿರಲಿಲ್ಲ. ಹಿಂದಿನ ವರ್ಷ ತೆರೆಕಂಡಿದ್ದ ‘ಬಂಗಾರದ ಮನುಷ್ಯ’ ನೋಡಿಕೊಂಡು ಬಂದು, ‘ನೋಡ್ಲಾ, ರಾಜ್‌ಕುಮಾರೇ ಬೇಸಾಯ ಮಾಡ್ತಾನೆ, ನೀನೇನು ಬ್ಯಾಂಕು ಬ್ಯಾಂಕು ಅಂತೀಯೆ’ ಎಂದಿದ್ದರು.

ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಬಾಚಿ, ದನಗಳಿಗೆ ಹುಲ್ಲು ಹಾಕಿ, ಮುದ್ದೆ ಉಂಡು ಹೊರಟರೆ ಅರ್ಧ ದಾರಿ ನಾಲೆಯ ಏರಿ. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ, ಪ್ಯಾಂಟು ಮೊಣಕಾಲಿಗೆ. ಆಗ ಬೆಲ್‌ಬಾಟಂ ಪ್ಯಾಂಟಿನ ಕಾಲ, ಕಾಲ ಬಳಿ ಒಂದು ಮೊಳ ಅಗಲ. ಕೆಸರಿಗೆ ಅಷ್ಟು ಹೇಳಿ ಮಾಡಿಸಿದ ಉಡುಪು ಇನ್ನೊಂದಿಲ್ಲ. ಗದ್ದೆಗೆ ರಾತ್ರಿ ಸರದಿಯ ನೀರು ಬಿದ್ದಿದ್ದರೆ ನಿದ್ದೆಯೂ ಇಲ್ಲ. ಮಧ್ಯಾಹ್ನದ ವಾಣಿಜ್ಯ ಕಾನೂನಿನ ತರಗತಿಯಲ್ಲಿ ಸಾಲಾಗಿ ತೂಕಡಿಸುವವರನ್ನು ನೋಡಿಯೇ, ಈ ವಾರ ಯಾವ ಊರಿನ ತೂಬಿಗೆ ನೀರು ಬಿಟ್ಟಿದ್ದಾರೆಂದು ಮೇಷ್ಟ್ರು ಹೇಳುತ್ತಿದ್ದರು.

ನಮ್ಮ ನಿಜವಾದ ಕಷ್ಟ ಇಂಗ್ಲಿಷು. ಹೈಸ್ಕೂಲಿನವರೆಗೆ ಕನ್ನಡದಲ್ಲಿ ಓದಿದವರ ಮುಂದೆ ಶುಕ್ಲಾ ಮತ್ತು ಗ್ರೆವಾಲ್ ಅವರ ದಪ್ಪ ಲೆಕ್ಕಶಾಸ್ತ್ರದ ಪುಸ್ತಕ ಇಟ್ಟರೆ ಏನಾದೀತು? ‘ಸಿಂಕಿಂಗ್ ಫಂಡ್’ ಎಂದರೆ ಮುಳುಗಿಹೋದ ದುಡ್ಡು ಎಂದು ನನ್ನ ಗೆಳೆಯನೊಬ್ಬ ಪರೀಕ್ಷೆಯಲ್ಲೇ ಬರೆದ. ಪುಸ್ತಕ ಕೊಳ್ಳುವ ಶಕ್ತಿಯೂ ಇಲ್ಲದೆ ಐದು ಜನ ಸೇರಿ ಒಂದು ಪ್ರತಿ ತಂದು, ವಾರಕ್ಕೊಬ್ಬರಂತೆ ಇಟ್ಟುಕೊಂಡೆವು.

ನಮ್ಮನ್ನು ಉಳಿಸಿದವರು ಲೆಕ್ಕಶಾಸ್ತ್ರದ ಮೇಷ್ಟ್ರು. ಒಂದು ದಿನ ಅವರು ಪುಸ್ತಕ ಮುಚ್ಚಿಟ್ಟು, ‘ನಿಮ್ಮಲ್ಲಿ ಆಲೆಮನೆ ಇರೋರು ಯಾರು?’ ಎಂದರು. ಏಳೆಂಟು ಕೈ ಎದ್ದವು. ಕರಿಹಲಗೆಯ ಮೇಲೆ ಆಲೆಮನೆಯ ಲೆಕ್ಕ ಶುರುವಾಯಿತು. ಕಬ್ಬಿನ ಬೆಲೆ, ಗಾಣದ ಆಳಿನ ಕೂಲಿ, ಪಾಕಕ್ಕೆ ಹಾಕುವ ಸುಣ್ಣ, ಅಚ್ಚು ಹೊಯ್ಯುವವನ ಕೂಲಿ ಎಲ್ಲ ಬಂದವು. ‘ಕೊಪ್ಪರಿಗೆ ವರ್ಷ ವರ್ಷ ತೆಳ್ಳಗಾಗುತ್ತಲ್ಲ, ಅದನ್ನು ಯಾರಾದರೂ ಖರ್ಚಿಗೆ ಬರೆದಿದ್ದೀರಾ?’ ಎಂದು ಕೇಳಿದರು. ಸವಕಳಿ ಎಂದರೇನೆಂದು ಅಂದು ಅರ್ಥವಾದದ್ದು ಮುಂದೆ ಮೂವತ್ತೈದು ವರ್ಷದ ಬ್ಯಾಂಕಿನ ಕೆಲಸದಲ್ಲೂ ಮರೆಯಲಿಲ್ಲ.

ತರಗತಿಯಲ್ಲಿ ಹುಡುಗಿಯರು ನಾಲ್ವರು. ಒಟ್ಟಿಗೆ ಬರುವರು, ಮುಂದಿನ ಬೆಂಚಿನಲ್ಲಿ ಕೂರುವರು, ಒಟ್ಟಿಗೆ ಬಸ್ಸು ಹತ್ತುವರು. ಮೂರು ವರ್ಷದಲ್ಲಿ ನಾನು ಅವರೊಂದಿಗೆ ಆಡಿದ್ದು ಹೆಚ್ಚೆಂದರೆ ಹತ್ತು ಮಾತು. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಅವರಲ್ಲೊಬ್ಬಳ ನೋಟ್ಸು ಮುತ್ತಿನಂತೆ ಇರುತ್ತಿತ್ತು. ಅದು ಲೈಬ್ರರಿಯ ಕಿಟಕಿಯ ಮೇಲೆ ‘ಮರೆತುಹೋಗಿ’ ಉಳಿಯುತ್ತಿತ್ತು. ನಾವು ಬರೆದುಕೊಂಡು ಅಲ್ಲಿಯೇ ಇಡುತ್ತಿದ್ದೆವು. ಥ್ಯಾಂಕ್ಸ್ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ನನ್ನ ಓದು ನಿಲ್ಲುವುದರಲ್ಲಿತ್ತು. ಅಕ್ಕನ ಮದುವೆಗೆಂದು ಅಪ್ಪ 1974ರ ಯುಗಾದಿಯಲ್ಲಿ ಮಂಡ್ಯದ ಒಂದು ಬೆಲ್ಲದ ಮಂಡಿಯಿಂದ 2,000 ರೂಪಾಯಿ ತಂದಿದ್ದರು. ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿ. ಆಗಿನ ಪದ್ಧತಿ ಹಾಗೆ. ಮಂಡಿಯವರು ಮುಂಗಡ ಕೊಡುವುದು, ರೈತ ಅವರಿಗೇ ಬೆಲ್ಲ ಹಾಕುವುದು. ಮರುವರ್ಷದ ಯುಗಾದಿ ಕಳೆದ ಮೇಲೆ ಲೆಕ್ಕದ ಪಟ್ಟಿ ಬಂತು. ಅದನ್ನು ನೋಡಿ ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ‘ಕಾಲೇಜು ಸಾಕು ಬುಡು ಮಗ, ಇನ್ನೊಂದು ವರ್ಷ ತಡೆಯಾಕಾಗಲ್ಲ’ ಎಂದರು.

ಆ ರಾತ್ರಿ ಲಾಟೀನಿನ ಮುಂದೆ ಪಟ್ಟಿ ಹರಡಿಕೊಂಡು ಕೂತೆ. ಕಾಲೇಜಿನಲ್ಲಿ ಕಲಿತಂತೆ ನಡುವೆ ಗೆರೆ ಎಳೆದು, ಎಡಕ್ಕೆ ನಾವು ಹಾಕಿದ ಬೆಲ್ಲದ ಹಣ, ಬಲಕ್ಕೆ ಅವರು ಕೊಟ್ಟ ಸಾಲ ಬರೆದೆ. ಸಾಲ ತಂದ ಐದು ತಿಂಗಳಿಗೇ ಬೆಲ್ಲದ ಬಾಬ್ತು 1,200 ರೂಪಾಯಿ ಅಸಲಿಗೆ ಜಮಾ ಆಗಿತ್ತು. ಅಲ್ಲಿಂದ ಮುಂದೆ ಬಡ್ಡಿ ಬರೀ 800ಕ್ಕೆ ಬರಬೇಕು. ಪಟ್ಟಿಯಲ್ಲಿ ವರ್ಷ ಪೂರ್ತಿ 2,000ಕ್ಕೇ ಹಾಕಿ 360 ಎಂದು ಬರೆದಿತ್ತು. ನನ್ನ ಲೆಕ್ಕಕ್ಕೆ ಬಂದದ್ದು 150 ಮತ್ತು 84, ಒಟ್ಟು 234. ವ್ಯತ್ಯಾಸ 126 ರೂಪಾಯಿ. ನನ್ನ ಮುಂದಿನ ವರ್ಷದ ಫೀಸಿನ ಬಹುಪಾಲು ಅದರಲ್ಲೇ ಮುಗಿಯುತ್ತಿತ್ತು.

ಅಪ್ಪನಿಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ‘ದಣಿಗಳ ಮುಂದೆ ಲೆಕ್ಕ ತೆಗೆದ್ರೆ ನಾಳೆ ದುಡ್ಡು ಕೊಡೋರು ಯಾರು?’ ಅದೂ ಸುಳ್ಳಲ್ಲ. ಅಮ್ಮ ಒಳಗಿಂದಲೇ, ‘ಕೇಳಿದ್ರೆ ತಲೆ ತೆಗೀತಾರಾ, ಓಗಿ’ ಎಂದರು. ಹೋದೆವು. ಅಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ‘ಮಾತು ಬೆಳೆಸಬ್ಯಾಡ’ ಎನ್ನುತ್ತಲೇ ಇದ್ದರು.

ಮಂಡಿಯ ಯಜಮಾನರು ನನ್ನ ಹಾಳೆಯನ್ನು ಬಹಳ ಹೊತ್ತು ನೋಡಿದರು. ಗುಮಾಸ್ತನನ್ನು ಕರೆದು ಖಾತೆ ತರಿಸಿದರು. ಕೊನೆಗೆ ಕನ್ನಡಕ ತೆಗೆದು, ‘ಯಾವ ಕಾಲೇಜು?’ ಎಂದರು. ‘ದೊಡ್ಡಿ ಸಾರ್’ ಎಂದೆ. ‘ಹೂಂ’ ಎಂದು ನೂರು ರೂಪಾಯಿ ವಜಾ ಮಾಡಿ ರುಜು ಹಾಕಿದರು. ಉಳಿದ ಇಪ್ಪತ್ತಾರು ಏನಾಯಿತೆಂದು ಕೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ನನ್ನ ಕಾಲು ತುಳಿದರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇಬ್ಬರಿಗೂ ಮಸಾಲೆ ದೋಸೆ ಹೇಳಿದರು. ಅಪ್ಪ ದುಡ್ಡು ಕೊಟ್ಟು ದೋಸೆ ತಿಂದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಜೂನ್‌ನಲ್ಲಿ ಮೂರನೆಯ ವರ್ಷದ ಫೀಸು ಕಟ್ಟಿದೆ. ತಿಂಗಳ ಕೊನೆಗೆ ದೇಶದಲ್ಲಿ ತುರ್ತು ಪರಿಸ್ಥಿತಿ ಬಂತು. ಪೇಪರು ತೆಳ್ಳಗಾಯಿತು, ಹೋಟೆಲಿನ ರಾಜಕೀಯ ಮಾತು ಪಿಸುಮಾತಾಯಿತು. ನಮ್ಮ ಊರಿನಲ್ಲಿ ಮಾತ್ರ ಬೇರೆಯೇ ಸುದ್ದಿ ಹಬ್ಬಿತ್ತು. ಭಾನುವಾರ ಬಂತೆಂದರೆ ನಮ್ಮ ಜಗುಲಿಯ ಮೇಲೆ ನಾಲ್ಕೈದು ಜನ, ಮಡಚಿ ಮಡಚಿ ಸವೆದ ಪಟ್ಟಿಗಳನ್ನು ಸೊಂಟದ ಚೀಲದಿಂದ ತೆಗೆದು, ‘ವಸಿ ನೋಡಪ್ಪ’ ಎನ್ನುತ್ತ ಕೂರುತ್ತಿದ್ದರು. ಎಲ್ಲ ಪಟ್ಟಿಯೂ ತಪ್ಪಿರುತ್ತಿರಲಿಲ್ಲ. ಎಷ್ಟೋ ಸರಿಯಾಗಿಯೇ ಇದ್ದವು, ಹಾಗೆಂದು ಹೇಳಿದರೆ ಬಂದವರಿಗೆ ನಿರಾಸೆ! ರಾತ್ರಿ ಹನ್ನೆರಡಕ್ಕೆ ಆಸ್ಪತ್ರೆಗೆಂದು ಕದ ತಟ್ಟಿದರೆ ದುಡ್ಡು ಕೊಡುತ್ತಿದ್ದವರೂ ಅದೇ ಮಂಡಿಯವರು ಎಂಬುದನ್ನೂ ಹೇಳಬೇಕು. ಒಬ್ಬ ಮುದುಕಿ ಮಾತ್ರ ತನ್ನ ಪಟ್ಟಿಯಲ್ಲಿ ಸತ್ತ ಗಂಡನ ಹೆಸರು ಯಾವುದೆಂದು ತೋರಿಸಿಸಿಕೊಂಡು, ಅದರ ಮೇಲೆ ಬೆರಳಾಡಿಸಿ ಹೋದಳು. ಲೆಕ್ಕ ಕೇಳಲಿಲ್ಲ.

1976ರಲ್ಲಿ ಫಲಿತಾಂಶ ಪತ್ರಿಕೆಯಲ್ಲಿ ಬಂತು. ಬರೀ ನಂಬರುಗಳ ಸಾಲು. ನೋಟ್ಸಿನ ಹುಡುಗಿಯ ನಂಬರು ಮೊದಲ ದರ್ಜೆಯಲ್ಲಿ, ನನ್ನದು ಎರಡನೆಯದರಲ್ಲಿ, ಸಿಂಕಿಂಗ್ ಫಂಡಿನವನದು ಎಲ್ಲೂ ಇಲ್ಲ. ಅವನು ಸೆಪ್ಟೆಂಬರಿನಲ್ಲಿ ಮತ್ತೆ ಕಟ್ಟಿ ಪಾಸು ಮಾಡಿದ.

ಬ್ಯಾಂಕಿನ ಆರ್ಡರು ಬರಲು ಇನ್ನೂ ಒಂದೂವರೆ ವರ್ಷ ಹಿಡಿಯಿತು. ಹೊರಡುವ ಹಿಂದಿನ ಭಾನುವಾರ ಜಗುಲಿ ಎಂದಿನಂತೆ ತುಂಬಿತ್ತು. ‘ನೀನು ಓದ್ಮೇಲೆ ನಮ್ ಪಟ್ಟಿ ನೋಡೋರ್ ಯಾರಪ್ಪ?’ ಎಂದು ಒಬ್ಬರು ಕೇಳಿದರು. ಪಕ್ಕದ ಮನೆಯ ಹುಡುಗನೊಬ್ಬ ಆ ವರ್ಷವಷ್ಟೇ ದೊಡ್ಡಿಯಲ್ಲಿ ಪಿ.ಯು.ಸಿ. ಕಾಮರ್ಸ್ ಸೇರಿದ್ದ. ಅವನು ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, ಹಾಳೆಯ ನಡುವೆ ಗೆರೆ ಎಳೆದ. ಗೆರೆ ಸ್ವಲ್ಪ ಸೊಟ್ಟಗಿತ್ತು.