ತಿರುಚುವ ಹೋಸಿಗೆ ತಿರುಗುವ ಕೀಲು

ಮನೆಗೆ ಪ್ರೆಶರ್ ವಾಷರ್ ತಂದವರು ಮೊದಲು ಬೈಯುವುದು ಮೋಟರನ್ನಲ್ಲ, ಪಂಪನ್ನೂ ಅಲ್ಲ, ಹೋಸನ್ನು. ಕಾರಿನ ಬಾನೆಟ್ ತೊಳೆದು ಹಿಂದಿನ ಚಕ್ರಕ್ಕೆ ಬರುವಷ್ಟರಲ್ಲಿ ಅದು ನಾಲ್ಕು ಕಡೆ ಸಿಂಬಿ ಸುತ್ತಿಕೊಂಡಿರುತ್ತದೆ. ಎಳೆದರೆ ಸಿಂಬಿ ಬಿಗಿದು ಮಡಚಿಕೊಳ್ಳುತ್ತದೆ. ಸಿಟ್ಟಿನಲ್ಲಿ ಇನ್ನೂ ಜಗ್ಗಿದರೆ ಮಷೀನೇ ಮಗುಚುತ್ತದೆ. ಇದನ್ನು ತಪ್ಪಿಸುವ ಭಾಗ ಹೆಬ್ಬೆರಳಿಗಿಂತ ದೊಡ್ಡದಲ್ಲ: ಗನ್ನಿನ ಹಿಡಿಕೆಯ ಬುಡದಲ್ಲಿ ಕೂರುವ, ನೀರು ಸೋರದಂತೆ ತನ್ನ ಸುತ್ತ ತಾನೇ ತಿರುಗಬಲ್ಲ ಕೀಲು. ಅಂಗಡಿಯವರ ಬಾಯಲ್ಲಿ ಅದು ಸ್ವಿವೆಲ್. ಹೋಸ್ ಹುಟ್ಟಿದ್ದು 17ನೇ ಶತಮಾನದಲ್ಲಿ. ಇಷ್ಟು ಚಿಕ್ಕ, ಇಷ್ಟು ಅಗ್ಗದ ಕೀಲು ಅದಕ್ಕೆ ಜೊತೆಯಾಗಲು 20ನೇ ಶತಮಾನವೇ ಬರಬೇಕಾಯಿತು.

ಹೋಸಿನ ಕಥೆ ಶುರುವಾಗುವುದು ಒಬ್ಬ ಚಿತ್ರಕಾರನಿಂದ. ಆಮ್‌ಸ್ಟರ್‌ಡ್ಯಾಮಿನ ಬೀದಿ, ಕಾಲುವೆ, ಇಟ್ಟಿಗೆ ಗೋಡೆಗಳನ್ನು ಒಂದೊಂದೂ ಎಣಿಸುವಷ್ಟು ಸೂಕ್ಷ್ಮವಾಗಿ ಬರೆಯುತ್ತಿದ್ದ ಯಾನ್ ವಾನ್ ಡರ್ ಹೇಡನ್, ತಮ್ಮ ಊರಿನ ಮನೆಗಳು ಬೆಂಕಿಗೆ ಬೀಳುವುದನ್ನೂ ಅಷ್ಟೇ ಸೂಕ್ಷ್ಮವಾಗಿ ಗಮನಿಸಿದ್ದರು. 1670ರ ದಶಕದ ಆರಂಭದಲ್ಲಿ ಅವರೂ ಸಹೋದರ ನಿಕೊಲಾಸರೂ ಸೇರಿ, ಚರ್ಮವನ್ನು ಉದ್ದಕ್ಕೆ ಹೊಲಿದು ಕೊಳವೆ ಮಾಡಿ ಅಗ್ನಿಶಾಮಕ ಪಂಪಿಗೆ ಜೋಡಿಸಿದರು. ಅಲ್ಲಿಯವರೆಗೆ ಪಂಪನ್ನೇ ಬೆಂಕಿಯ ಹತ್ತಿರಕ್ಕೆ ಒಯ್ಯಬೇಕಿತ್ತು. ಆಮೇಲೆ ನೀರಷ್ಟೇ ಹೋದರೆ ಸಾಕಾಯಿತು. 1690ರಲ್ಲಿ ಈ ಪಂಪುಗಳ ಬಗ್ಗೆ ಅವರ ಸಚಿತ್ರ ಪುಸ್ತಕವೇ ಬಂತು. ಅದರ ಪುಟಗಳನ್ನು ತಿರುವಿದರೆ ಕಲಾವಿದ ಯಾರು, ಎಂಜಿನಿಯರ್ ಯಾರು ಎಂದು ಬೇರ್ಪಡಿಸುವುದು ಕಷ್ಟ.

ಪ್ರೆಶರ್ ವಾಷರಿನ ವಂಶಾವಳಿ ಇಷ್ಟು ಘನವಾದದ್ದಲ್ಲ. 1920ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಫ್ರಾಂಕ್ ಓಫೆಲ್ಟ್ ಎಂಬವರು ಉಗಿಯಿಂದ ಜಿಡ್ಡು ತೆಗೆಯುವ ಯಂತ್ರ ಮಾಡಿದರು. ಅದರ ಹೆಸರು ‘ಜೆನ್ನಿ’. ಪಾನನಿಷೇಧದ ಆ ಕಾಲದಲ್ಲಿ ಅವರು ವಿಸ್ಕಿ ಭಟ್ಟಿಯೊಂದರ ಜೊತೆ ಹೆಣಗುತ್ತಿದ್ದಾಗ ಉಗಿ ತಾಗಿ ನೆಲದ ಎಣ್ಣೆಕಲೆ ಹೋದದ್ದನ್ನು ಕಂಡರು ಎಂಬ ಕಥೆಯೂ ಇದೆ. ಕಥೆ ಸೊಗಸಾಗಿದೆ, ಪೂರ್ತಿ ನಂಬಬೇಕಿಲ್ಲ. 1950ರಲ್ಲಿ ಜರ್ಮನಿಯ ಆಲ್ಫ್ರೆಡ್ ಕಾರ್ಶರ್ ಯುರೋಪಿನ ಮೊದಲ ಬಿಸಿನೀರಿನ ಹೈಪ್ರೆಶರ್ ಕ್ಲೀನರ್ ತಂದರು. 1984ರಲ್ಲಿ ಅವರ ಹೆಸರಿನ ಕಂಪನಿ ಮನೆಬಳಕೆಯ ಪುಟ್ಟ ಮಾದರಿಯನ್ನು ಮಾರುಕಟ್ಟೆಗೆ ಬಿಟ್ಟಿತು. ತಿರುಚುವ ಹೋಸಿನ ಗೋಳು ಗ್ಯಾರೇಜಿನಿಂದ ನಮ್ಮ ನಿಮ್ಮ ಅಂಗಳಕ್ಕೆ ಬಂದದ್ದು ಹೀಗೆ.

ತೋಟದ ಮೆತ್ತನೆಯ ಪೈಪು ಇಷ್ಟು ಹಟ ಮಾಡುವುದಿಲ್ಲವಲ್ಲ, ಇದಕ್ಕೇನು ರೋಗ? ಉತ್ತರ ಒಳಗಿನ ಹೆಣಿಗೆಯಲ್ಲಿದೆ. ನಲ್ಲಿಯ ಒತ್ತಡ ಕೆಲವೇ ಬಾರ್. ಮನೆಬಳಕೆಯ ವಾಷರಿನದು ನೂರು ಬಾರ್ ದಾಟುತ್ತದೆ. ಅದನ್ನು ತಡೆಯಲು ಹೋಸಿನ ಗೋಡೆಯೊಳಗೆ ನೂಲು ಅಥವಾ ಉಕ್ಕಿನ ತಂತಿಯನ್ನು ಎಡಕ್ಕೂ ಬಲಕ್ಕೂ ಅಡ್ಡಹಾಯಿಸಿ ಹೆಣೆದಿರುತ್ತಾರೆ. ಹೆಣಿಗೆಯ ಕೋನ ಸುಮಾರು 54.7 ಡಿಗ್ರಿ ಇದ್ದರೆ ಒತ್ತಡ ಏರಿದಾಗ ಹೋಸ್ ಉಬ್ಬಿ ಗಿಡ್ಡವಾಗುವುದೂ ಇಲ್ಲ, ಸೊರಗಿ ಉದ್ದವಾಗುವುದೂ ಇಲ್ಲ. ಆದರೆ ಅದನ್ನು ತಿರುಚಿದಿರೋ, ಒಂದು ದಿಕ್ಕಿನ ತಂತಿಗಳು ಬಿಗಿದು ಇನ್ನೊಂದು ದಿಕ್ಕಿನವು ಸಡಿಲಾಗುತ್ತವೆ. ಇಬ್ಬರು ಹೊರಬೇಕಾದ ಭಾರ ಒಬ್ಬರ ಮೇಲೆ. ಹೈಡ್ರಾಲಿಕ್ ಹೋಸ್ ಜೋಡಿಸುವವರು ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಏಳು ಡಿಗ್ರಿ ತಿರುಚಿದರೂ ಆಯುಸ್ಸು ಶೇ 90ರವರೆಗೆ ಕುಗ್ಗಬಹುದು ಎಂಬ ಎಚ್ಚರಿಕೆ ಆ ಉದ್ಯಮದಲ್ಲಿ ಪದೇಪದೇ ಕೇಳುತ್ತದೆ. ಹೋಸಿನ ಉದ್ದಕ್ಕೂ ಅಚ್ಚೊತ್ತಿದ ಅಕ್ಷರಗಳ ಸಾಲು ಬರೀ ಜಾಹೀರಾತಲ್ಲ. ಅದು ನೆಟ್ಟಗಿಲ್ಲದೆ ಬಳ್ಳಿಯಂತೆ ಸುತ್ತಿಕೊಂಡು ಹೋಗಿದ್ದರೆ ಹೋಸ್ ತಿರುಚಿದೆ ಎಂದೇ ಲೆಕ್ಕ.

ತಿರುಚು ಎಲ್ಲಿಂದ ಬಂತು? ಬಹುಪಾಲು ನಾವೇ ತುಂಬಿದ್ದು. ಸುರುಳಿ ಸುತ್ತಿಟ್ಟ ಹೋಸಿನ ತುದಿ ಹಿಡಿದು ನೇರ ಎಳೆದರೆ ಪ್ರತಿ ಸುತ್ತಿಗೂ ಒಂದು ಪೂರ್ತಿ ತಿರುಚು ಒಳಗೆ ಸೇರುತ್ತದೆ. ಕಾರಿಗೆ ಒಂದು ಪ್ರದಕ್ಷಿಣೆ ಹಾಕಿದರೆ ಇನ್ನೊಂದು. ಎರಡೂ ತುದಿ ಬಿಗಿಯಾಗಿರುವವರೆಗೆ ಈ ತಿರುಚು ಎಲ್ಲಿಗೂ ಹೋಗುವುದಿಲ್ಲ. ನೆಟ್ಟಗಿದ್ದರೆ ಒಳಗೇ ಅಡಗಿರುತ್ತದೆ, ಸಡಿಲಬಿಟ್ಟರೆ ಸಿಂಬಿಯಾಗಿ ಹೊರಬೀಳುತ್ತದೆ. ಅಡಗಿದ ತಿರುಚು ಮತ್ತು ಹೊರಗೆ ಕಾಣುವ ಸುರುಳಿ ಇವೆರಡರ ಮೊತ್ತ ಬದಲಾಗದು ಎಂಬುದು ಗಣಿತದ ಒಂದು ಪ್ರಮೇಯ. ರುಮೇನಿಯಾದ ಗಿಯೋರ್ಗೆ ಕಲುಗರೇನು ಅದರ ಬುನಾದಿ ಹಾಕಿದ್ದು 1960ರ ಆಸುಪಾಸಿನಲ್ಲಿ. ಜೇಮ್ಸ್ ವೈಟ್ ಮತ್ತು ಬ್ರಾಕ್ ಫುಲ್ಲರ್ ಮುಂದಿನ ದಶಕದೊಳಗೆ ಅದನ್ನು ಬೆಳೆಸಿದರು. ಹೋಸಿಗಾಗಿ ಅಲ್ಲ ಬಿಡಿ. ಆದರೆ ಜೀವಶಾಸ್ತ್ರಜ್ಞರು ಅದನ್ನು ಕೂಡಲೇ ಎತ್ತಿಕೊಂಡರು, ಏಕೆಂದರೆ ಡಿಎನ್‌ಎಗೂ ಇದೇ ಕಾಟ. ಹೆಣೆದುಕೊಂಡ ಎರಡು ಎಳೆಗಳನ್ನು ಬಿಡಿಸುತ್ತ ಹೋದರೆ ಮುಂದಿನ ಭಾಗ ಇನ್ನಷ್ಟು ತಿರುಚಿಕೊಳ್ಳುತ್ತದೆ. ಅದರಲ್ಲೆಲ್ಲೋ ಒಂದು ಸ್ವಿವೆಲ್ ಇರಲೇಬೇಕು ಎಂದು ಜಾನ್ ಕೇರ್ನ್ಸ್ 1963ರಲ್ಲೇ ಊಹಿಸಿದ್ದರು. 1971ರಲ್ಲಿ ಜೇಮ್ಸ್ ವಾಂಗ್ ಆ ಕೆಲಸ ಮಾಡುವ ಕಿಣ್ವವನ್ನು ವರದಿ ಮಾಡಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ಶಶಿಶೇಖರನ್ ಮತ್ತು ಸಂಗಡಿಗರು ಅದೇ ದಶಕದಲ್ಲಿ, ಈ ಕಾಟವೇ ಇಲ್ಲದಂತೆ ಎಳೆಗಳು ಸುತ್ತಿಕೊಳ್ಳದೆ ಅಕ್ಕಪಕ್ಕ ನಿಲ್ಲುವ ಬೇರೆಯೇ ಡಿಎನ್‌ಎ ಮಾದರಿಯನ್ನು ಮುಂದಿಟ್ಟರು. ಗೆದ್ದದ್ದು ಜೋಡಿಸುರುಳಿಯೇ, ಆದರೆ ಕೇಳಿದ ಪ್ರಶ್ನೆ ಸಣ್ಣದಾಗಿರಲಿಲ್ಲ.

ಯಂತ್ರಗಳ ಲೋಕದಲ್ಲಿ ಸ್ವಿವೆಲ್ ಹಳೆಯದೇ. 1901ರಲ್ಲಿ ಟೆಕ್ಸಾಸಿನ ಸ್ಪಿಂಡಲ್‌ಟಾಪ್‌ನಲ್ಲಿ ಎಣ್ಣೆ ಚಿಮ್ಮಿಸಿದ ರೋಟರಿ ಕೊರೆತದಲ್ಲಿ ಕೆಳಗೆ ಕೊಳವೆ ಗಿರಗಿರ ತಿರುಗಬೇಕು, ಅದರೊಳಗೆ ಕೆಸರುನೀರು ತುಂಬುವ ಹೋಸ್ ಮಾತ್ರ ತಿರುಗಬಾರದು. ನಮ್ಮೂರಿಗೆ ಬೋರ್‌ವೆಲ್ ಲಾರಿ ಬಂದಾಗ ಕತ್ತೆತ್ತಿ ನೋಡಿ: ರಾಡುಗಳು ತಿರುಗುತ್ತಿರುತ್ತವೆ, ಕಂಪ್ರೆಸರಿನ ಹೋಸ್ ಮೇಲೆ ಕೆಳಗೆ ಹೋಗುತ್ತದೆಯೇ ಹೊರತು ತಿರುಗುವುದಿಲ್ಲ. ಆದರೆ ಅವೆಲ್ಲ ಹೊರೆ ತೂಕದ ಕೀಲುಗಳು. ಕೈಯಲ್ಲಿ ಹಿಡಿಯುವ ಗನ್ನಿಗೆ ಅಂಥದ್ದನ್ನು ತೂಗುಹಾಕುವಂತಿಲ್ಲ.

ಕೀಲನ್ನು ಕುಗ್ಗಿಸಿದ್ದರಲ್ಲಿ ಓ-ರಿಂಗ್ ಎಂಬ ಒಂದು ರಬ್ಬರ್ ಬಳೆಯ ಪಾಲು ದೊಡ್ಡದು. ಡೆನ್ಮಾರ್ಕಿನಲ್ಲಿ 1865ರಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ನೀಲ್ಸ್ ಕ್ರಿಸ್ಟೆನ್ಸನ್ ಟ್ರಾಮುಗಳ ಏರ್‌ಬ್ರೇಕಿನಿಂದ ಹೆಸರಾದವರು. ಓ-ರಿಂಗಿಗೆ ಪೇಟೆಂಟ್ ಕೇಳಿದಾಗ ಅವರ ವಯಸ್ಸು 72, ಸಿಕ್ಕಿದ್ದು 1939ರಲ್ಲಿ. ದುಂಡನೆಯ ಬಳೆಯನ್ನು ಸರಿಯಾದ ಅಳತೆಯ ತೋಡಿನಲ್ಲಿ ಕೂರಿಸಿದರೆ ನೀರಿನ ಒತ್ತಡವೇ ಅದನ್ನು ತೋಡಿನ ಗೋಡೆಗೆ ಅದುಮಿ ಸೋರಿಕೆ ತಡೆಯುತ್ತದೆ. ಒತ್ತಡ ಹೆಚ್ಚಿದಷ್ಟೂ ಬಿಗಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕ ಸರ್ಕಾರ 75,000 ಡಾಲರಿಗೆ ಹಕ್ಕು ಕೊಂಡು ಎಲ್ಲ ತಯಾರಕರಿಗೂ ಬಳಸಲು ಬಿಟ್ಟುಕೊಟ್ಟಿತು. ಜಗತ್ತಿನ ಅಸಂಖ್ಯ ನಲ್ಲಿ, ಪಂಪು, ವಿಮಾನಗಳಲ್ಲಿರುವ ವಸ್ತುವಿಗೆ ಅದು ಜುಜುಬಿ ಬೆಲೆ ಎಂದೇ ನನ್ನ ಅಭಿಪ್ರಾಯ.

ಓ-ರಿಂಗ್ ಒಂದೇ ಸಾಲದು. ಹತ್ತು ಮಿಲಿಮೀಟರ್ ವ್ಯಾಸದ ಕೀಲಿನ ಮೇಲೆ ನೂರು ಬಾರ್ ಒತ್ತಡ ಬಿದ್ದರೆ ಅದನ್ನು ಕಳಚಲು ನೋಡುವ ಬಲ ಸುಮಾರು 80 ಕಿಲೋ ಭಾರಕ್ಕೆ ಸಮ. ಅಷ್ಟು ಜಗ್ಗಾಟದ ನಡುವೆಯೂ ತಿರುಗಬೇಕೆಂದರೆ ಒಳಗೆ ಬೇರಿಂಗ್ ಗುಂಡುಗಳಿರಬೇಕು. ಅಗ್ಗದ ಸ್ವಿವೆಲ್‌ಗಳು ಖಾಲಿ ಇದ್ದಾಗ ಚೆನ್ನಾಗಿ ತಿರುಗಿ, ನೀರು ತುಂಬಿದೊಡನೆ ಕಚ್ಚಿಕೊಳ್ಳುವುದು ಇದರಿಂದಲೇ. ಅಂಥದ್ದು ಗಂಟುಬಿದ್ದಿದ್ದರೆ ಆಗಾಗ ಮಷೀನ್ ಆಫ್ ಮಾಡಿ, ಟ್ರಿಗರ್ ಒತ್ತಿ ಒತ್ತಡ ಇಳಿಸಿ. ಆಗ ಕೀಲು ಸಡಿಲಗೊಂಡು ಹೋಸ್ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಎಂದೂ ತಿರುಚದ ಹೋಸ್ ಎಂದು ದುಬಾರಿ ಬೆಲೆಗೆ ಮಾರುವುದನ್ನು ಕೊಳ್ಳುವ ಮೊದಲು ಗನ್ ತುದಿಗೆ ಒಳ್ಳೆಯ ಸ್ವಿವೆಲ್ ಹಾಕಿ ನೋಡಿ. ಬಹಳ ಯಂತ್ರಗಳಲ್ಲಿ ಅಲ್ಲಿರುವುದು 22 ಮಿ.ಮೀ. ತಿರುಪಿನ ಮರೆ, ಆದರೆ ಒಳಮೂತಿ ಕೆಲವದರಲ್ಲಿ 14, ಕೆಲವದರಲ್ಲಿ 15 ಮಿ.ಮೀ. ಮರೆ ಕೂತಿತೆಂದು ಹಿಗ್ಗಿದರೆ ನೀರು ಸೋರುತ್ತದೆ, ಅಳತೆ ಮಾಡಿಯೇ ಅಂಗಡಿಗೆ ಹೋಗಿ. ಕೆಲಸಕ್ಕೆ ಮುಂಚೆ ಹೋಸನ್ನು ಪೂರ್ತಿ ಬಿಚ್ಚಿ ಹಾಸಿ. ಕಾರಿಗೆ ಸುತ್ತು ಬರಬೇಡಿ, ಒಂದು ಬದಿ ತೊಳೆದು ಹೋದ ದಾರಿಯಲ್ಲೇ ಹಿಂದೆ ಬಂದು ಇನ್ನೊಂದು ಬದಿಗೆ ಹೋಗಿ. ಎತ್ತಿಡುವಾಗ ನೆಲದ ಮೇಲೆ 8ರ ಆಕಾರದಲ್ಲಿ ಮಡಚಿ; ಒಂದು ಸುತ್ತಿನ ತಿರುಚನ್ನು ಇನ್ನೊಂದು ಕಳೆಯುತ್ತದೆ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲು ತೋಟದುದ್ದಕ್ಕೂ ಹೋಸ್ ಎಳೆಯುವ ಮಲೆನಾಡಿನವರಿಗೂ ಇದೇ ಮಾತು ಸಲ್ಲುತ್ತದೆ.

ಒಮ್ಮೆ ಮಡಿಕೆ ಬಿದ್ದು ಒಳಗಿನ ತಂತಿ ಮುರಿದ ಹೋಸಿಗೆ ಟೇಪು ಸುತ್ತಿ ಬಳಸಬೇಡಿ. ಅಲ್ಲಿಂದ ಸಣ್ಣ ಎಳೆಯಾಗಿ ನೀರು ಚಿಮ್ಮುತ್ತಿದ್ದರೆ ಬೆರಳಿಟ್ಟು ಹುಡುಕಲೂ ಬೇಡಿ. ಆ ಒತ್ತಡದ ನೀರು ಚರ್ಮ ಸೀಳಿ ಒಳಹೊಗುತ್ತದೆ. ಹಾಗೇನಾದರೂ ಆದರೆ ಗಾಯ ಎಷ್ಟು ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ.